ಶೈಸ್ತಾಳ ಲೆಕ್ಕ, ಕಂಪ್ಯೂಟರಿನ ಎಪ್ಪತ್ತು

ಶಹಾಬಾದಿನ ಶೈಸ್ತಾ ಮೂರು ಭಾಷೆಯವಳು. ಅಪ್ಪ ನಬೀಸಾಬನಿಂದ ದಖನಿ ಉರ್ದು ಬಂತು, ಓಣಿಯಿಂದ ಕನ್ನಡ, ಚಿಂಚೋಳಿ ಗಡಿಯ ತಾಯಿ ಜೈತುನ್ಬೀಯಿಂದ ತೆಲುಗು. ಮೂವತ್ತು ವರ್ಷ ಈ ಮೂರನ್ನೂ ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಿಚುವುದಕ್ಕೇ ಸವೆಸಿದಳು. ಕೊನೆಗೊಂದು ಕಂಪನಿಯವರು ಮನೆಯಿಂದಲೇ ದುಭಾಷಿಯ ಕೆಲಸ ಕೊಟ್ಟರು. ಊರ ರೋಗಿಯ ಮಾತು ಫೋನಿನಲ್ಲಿ ದೂರದ ವೈದ್ಯರಿಗೆ ತಿಳಿಯದಿದ್ದರೆ ಶೈಸ್ತಾ ನಡುವೆ ಬಂದು ಬಿಡಿಸಿ ಹೇಳಬೇಕು. ತನ್ನ ನಾಲಿಗೆಗೂ ಕಿಮ್ಮತ್ತು ಇದೆ ಎಂದು ಅವಳಿಗೆ ಗೊತ್ತಾದದ್ದೇ ಆವಾಗ.

ಆದರೆ ಮೊದಲ ಮೂರು ತಿಂಗಳು ಪರೀಕ್ಷೆ. ಅಷ್ಟರೊಳಗೆ ಮೂರು ಕರೆ ನಡುವೆಯೇ ಕಡಿದುಹೋದರೆ, ಇಲ್ಲವೇ ಅವಳು ಎತ್ತದಿದ್ದರೆ, ಮತ್ತೆ ಸೀರೆ ಮಡಿಚಲು ಹೋಗಬೇಕು.

ಅವಳ ಮನೆಯ ಹಿಂದೆಯೇ ಕಲ್ಲು ಕೊಯ್ಯುವ ಕಾರಖಾನೆ. ಗರಗಸದ ಸದ್ದಿಗೆ ಪಕ್ಕದಲ್ಲಿ ಕುಂತವರ ಮಾತೂ ಕೇಳಿಸದು. ಅದಕ್ಕೇ ಕಂಪನಿಯವರು ವೈರಿಲ್ಲದ ಹೆಡ್‌ಫೋನ್ ಕಳಿಸಿದ್ದರು. ಗುಂಡಿ ಒತ್ತಿದರೆ ಹೊರಗಿನ ಗದ್ದಲ ಅಡಗುತ್ತಿತ್ತು. ಅದನ್ನೇ ಬಳಸಬೇಕೆಂಬುದು ಅವರ ಕಾನೂನು. ಚಾರ್ಜಿಗೆ ಹಾಕಿದಾಗ ಮಾತ್ರ ಅದು ಕೆಲಸ ಮಾಡುತ್ತಿರಲಿಲ್ಲ. ಬ್ಯಾಟರಿ ಎಷ್ಟಿದೆಯೆಂದು ಕಂಪ್ಯೂಟರಿನ ಮೂಲೆಯಲ್ಲಿ ಕಾಣುತ್ತಿತ್ತು. ನೂರು, ತೊಂಬತ್ತು, ಎಂಬತ್ತು, ಎಪ್ಪತ್ತು. ಎಪ್ಪತ್ತಕ್ಕೆ ಬಂದು ಕುಂತಿತೆಂದರೆ ಮಹಾರಾಯ ಏಳುವ ಮಾತೇ ಇಲ್ಲ. ಎರಡನೇ ವಾರದಲ್ಲಿ ಅದು ಎಪ್ಪತ್ತು ತೋರಿಸುತ್ತಲೇ ಹೆಡ್‌ಫೋನ್ ಸತ್ತಿತು. ಒಂದು ಕರೆ ಹೋಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಶೈಸ್ತಾ ತಾನೇ ಅಳೆಯಲು ಹೊರಟಳು. ಬಿಡುವಿದ್ದ ಒಂದು ಶುಕ್ರವಾರ ಪೂರ್ತಿ ಚಾರ್ಜು ಮಾಡಿ, ಗಡಿಯಾರ ನೋಡಿ, ಕಿವಿಗೆ ಹಾಕಿಕೊಂಡಳು. ಒಂಬತ್ತು ತಾಸು ಬಾಳಿತು. ಸೈ, ಇನ್ನು ಒಂದು ಪಾಳಿಗೆ ಧೋಕಾ ಇಲ್ಲ ಎಂದುಕೊಂಡಳು. ಆದರೆ ಶುಕ್ರವಾರ ಕಾರಖಾನೆಗೆ ಸೂಟಿ. ಗರಗಸ ನಿಂತಿತ್ತು, ಗದ್ದಲ ಅಡಗಿಸುವ ಗುಂಡಿಯನ್ನು ಅವಳು ಮುಟ್ಟಿಯೇ ಇರಲಿಲ್ಲ. ಬ್ಯಾಟರಿಯನ್ನು ಕುಡಿಯುವುದೇ ಆ ಗುಂಡಿ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಅದರ ದಂಡ ಬಿದ್ದದ್ದು ಕುರಕುಂಟಾದ ಇಮಾಮ್ಬೀ ಎಂಬ ಮುದುಕಿಯ ಮೇಲೆ. "ಎದಿ ಹಿಡದಂಗ ಆಗ್ಯದವ್ವ, ಎಡಗೈ..." ಎಂದಳು ಮುದುಕಿ. ಅಷ್ಟಕ್ಕೇ ಹೆಡ್‌ಫೋನ್ ಸತ್ತಿತು. ಎರಡನೇ ಕರೆಯೂ ಹೋಯಿತು. ಬೇರೆ ದುಭಾಷಿ ಸಿಗುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಮುದುಕಿ ಬದುಕಿದಳು, ಅಲ್ಲಾನ ದಯೆ. ಶೈಸ್ತಾ ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆಗಿಂತ ಆ ಅರ್ಧ ಮಾತು ಅವಳನ್ನು ಹೆಚ್ಚು ತಿಂದಿತು.

ಮೂರನೇ ದಿನ, ಶುಕ್ರವಾರ ಗುಂಡಿ ಒತ್ತಿರಲಿಲ್ಲವೆಂಬುದು ನೆನಪಾಗಿ ಹಟಕ್ಕೆ ಬಿದ್ದಳು. ಗರಗಸ ಓಡುವ ದಿನವೇ ರಜೆ ಹಾಕಿ, ಗುಂಡಿ ಒತ್ತಿ, ತಾಯಿಯ ಕೈಗೆ ಮೊಬೈಲು ಕೊಟ್ಟು ಆಚೆ ಮನೆಗೆ ಕಳಿಸಿದಳು. "ಅಮ್ಮಾ, ಬಾಯಿಗೆ ಬಂದದ್ದು ಮಾತಾಡ್ಕೋತ ಇರು. ನಿಂದ್ರಸಬ್ಯಾಡ." ಜೈತುನ್ಬೀಗೆ ಇಂಥ ಅಪ್ಪಣೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾದಿನಿಯರ ಮೇಲಿನ ದೂರು ಶುರುಮಾಡಿದಳು. ಅದು ಮುಗಿಯುವ ಮೊದಲೇ ಹೆಡ್‌ಫೋನ್ ಮುಗಿಯಿತು. ನಾಲ್ಕು ತಾಸು ಐವತ್ತು ನಿಮಿಷ. ಮತ್ತೆರಡು ದಿನ ನೋಡಿದರೂ ಅಷ್ಟೇ. ಅಂದಿನಿಂದ ಅವಳು ಪರದೆಯ ಅಂಕಿಯತ್ತ ಕಣ್ಣು ಹಾಯಿಸಲಿಲ್ಲ. ಊಟದ ಬಿಡುವಿನಲ್ಲಿ ತಪ್ಪದೇ ಚಾರ್ಜು ಮಾಡುತ್ತಿದ್ದಳು.

ಪರೀಕ್ಷೆಯ ಕೊನೆಯ ವಾರ ಒಂದು ದಿನ ಕರೆಗಳು ಮೇಲಿಂದ ಮೇಲೆ ಬಂದವು, ಊಟದ ಬಿಡುವೇ ರದ್ದಾಯಿತು. ಹತ್ತಕ್ಕೆ ಕುಂತವಳು ಎರಡು ನಲವತ್ತಕ್ಕೆ ಮೇಲ್ವಿಚಾರಕ ಆಸಿಮನನ್ನು ಲೈನಿಗೆ ಕರೆದಳು. ಅವನು ಕಲಬುರಗಿಯ ಕಚೇರಿಯಲ್ಲಿ ಕುಂತು ಎಲ್ಲರ ಪರದೆ ನೋಡುವವನು.

"ಸರ್, ನಲವತ್ತು ನಿಮಿಷ ಚಾರ್ಜಿಗೆ ಬಿಡ್ರಿ."

"ಎಪ್ಪತ್ತು ತೋರಸಾಕತ್ತದಲ್ರಿ! ಪೇಶಂಟ್ ಕಾಯಾಕತ್ತಾರ, ಕಾಲ್ ತಗೋರಿ."

"ತಗೊಳಂಗಿಲ್ಲ."

"ತಗೊಳ್ಳಿಲ್ಲಂದ್ರ ಮೂರನೇದು ಅಂತ ಬರೀತೀನಿ."

ಶೈಸ್ತಾಳ ದನಿ ಅಲುಗಲಿಲ್ಲ. "ಬರಕೊಳ್ರಿ. ನೌಕರಿ ಹೋದ್ರ ಹೋಗ್ಲಿ. ಮತ್ತೊಬ್ಬರನ್ನ ಅರ್ಧ ಮಾತಿನಾಗ ಕೈ ಬಿಡಂಗಿಲ್ಲ. ಆ ಪೇಶಂಟನ್ನ ಬ್ಯಾರೆಯವರಿಗೆ ಕೊಟ್ಟು ನೀವೇ ಲೈನಿನ್ಯಾಗ ಇರ್ರಿ, ಹತ್ತು ನಿಮಿಷ. ಎಪ್ಪತ್ತು ಖರೇನೋ ಸುಳ್ಳೋ ನೀವೇ ನೋಡ್ರಿ."

ಆಸಿಮ ಸಿಟ್ಟಿನಿಂದಲೇ ರೋಗಿಯನ್ನು ಬೇರೆಡೆಗೆ ಕಳಿಸಿ ಲೈನಿನಲ್ಲಿ ಉಳಿದ. ಕಂಪನಿಯ ಕಾನೂನು ಒಂದೊಂದಾಗಿ ಓದಿ ಹೇಳಿದ. ಅವಳು ಹೂಂಗುಟ್ಟಿದಳು. ಎರಡು ಐವತ್ತಕ್ಕೆ ಒಂದು ನಿಮಿಷವಿದ್ದಾಗ ಅವನು, "ನೋಡ್ರಿ, ಇನ್ನೂ ಎಪ್ಪತ್ತೇ ಅದ, ನಾ ಹೇಳಿದ್ದು..." ಎಂದ. ದನಿ ಅಲ್ಲಿಗೇ ನಿಂತಿತು. ಅದರ ಬೆನ್ನಿಗೇ ಗರಗಸದ ಸದ್ದು ಕಿವಿಗೆ ನುಗ್ಗಿತು.

ಅವಳು ಹೆಡ್‌ಫೋನ್ ಚಾರ್ಜಿಗೆ ಹಾಕುತ್ತಿರುವಾಗ ಮೊಬೈಲು ಬಡಿದುಕೊಂಡಿತು. ಆಚೆ ಕಡೆ ಆಸಿಮ.

"ಶೈಸ್ತಾ ಅವರ," ಎಂದ, "ನಿಮ್ಮಂಗನ ಆರು ಮಂದಿ ಹೇಳಿದ್ರು. ಸುಳ್ಳು ಹೇಳ್ತಾರ ಅಂದು ನಾನೇ ಅವರನ್ನ ಕೆಲಸದಿಂದ ತಗದು ಹಾಕೀನಿ."

ಶೈಸ್ತಾ ಗಡಿಯಾರ ನೋಡಿದಳು. "ನಂದು ಮೂರುವರಿ ತನಕ ಚಾರ್ಜ್ ಆಗಬೇಕ್ರಿ," ಎಂದಳು. "ಅಷ್ಟರೊಳಗ ಆ ಆರೂ ಮಂದಿಗೆ ಫೋನ್ ಹಚ್ಚರಿ."