ಎರಡೇ ಸೀಟಿನ ಗಾಡಿ

ನನ್ನ ತಮ್ಮ ತೀರಿಕೊಂಡಾಗ ವರ್ಕ್‌ಶಾಪಿನಲ್ಲಿ ಅರ್ಧಕ್ಕೆ ನಿಂತ ಕಬ್ಬಿನ ಟ್ರೇಲರುಗಳಿದ್ದವು, ಜೊತೆಗೆ ತುಕ್ಕು ಹಿಡಿದ ಒಂದು ಸ್ಪೋರ್ಟ್ಸ್ ಕಾರು. ಟ್ರೇಲರುಗಳನ್ನು ಮುಗಿಸಿ ರೈತರಿಗೆ ಕೊಟ್ಟೆ. ಕಾರಿನ ಮೇಲೆ ತಾಡಪತ್ರಿ ಎಳೆದು ಆ ಕಡೆ ಹೋಗುವುದನ್ನೇ ಬಿಟ್ಟೆ.

ಬೈಲಹೊಂಗಲದಲ್ಲಿ ನಾವು ಅಣ್ಣತಮ್ಮ ಸೇರಿ ಟ್ರೇಲರ್ ಕಟ್ಟುವ ಕೆಲಸ ಮಾಡಿಕೊಂಡಿದ್ದವರು. ಮುಂದೆ ಮನೆ, ಹಿತ್ತಲಲ್ಲಿ ವರ್ಕ್‌ಶಾಪು. ಗಿರಾಕಿಗಳನ್ನು ಬೈಯುವುದು ನನ್ನ ಪಾಲು, ಬೈಸಿಕೊಂಡವರಿಗೆ ಚಹಾ ಕುಡಿಸಿ ನಗಿಸಿ ಕಳಿಸುವುದು ಅವನ ಪಾಲು. ಒಂದು ಸಲ ರಾಮದುರ್ಗಕ್ಕೆ ಟ್ರೇಲರ್ ಮುಟ್ಟಿಸಲು ಹೋದವನು ಅಲ್ಲೊಂದು ಹಳೇ ವಾಡೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಈ ಕಾರನ್ನು ಕಂಡ. ಮೇಲೆ ಹೊಟ್ಟಿನ ಚೀಲ, ಸೀಟಿನೊಳಗೆ ಇಲಿಯ ಸಂಸಾರ. ಮರುದಿನವೇ ಹೋಗಿ ಹೇರಿಕೊಂಡು ಬಂದ. ಉದ್ದ ಮೂತಿ, ಸೈಕಲ್ಲಿನ ಹಾಗೆ ಕಡ್ಡಿಯ ಗಾಲಿ, ಮೇಲೆ ಟಾಪಿಲ್ಲ, ಕೂರಲು ಎರಡೇ ಸೀಟು. ವಿಲಾಯತಿಯ ಮಾಲು.

ನಾನು ಸೊಂಟದ ಮೇಲೆ ಕೈ ಇಟ್ಟು ನಿಂತು, "ಇದರಾಗ ಏನ ಹೇರತೀಯೋ ಶಾಣ್ಯಾ, ಎರಡ ಕುಂಬಳಕಾಯಿ?" ಎಂದೆ.

"ಇಕೀನ ಕುಂದ್ರಿಸ್ಕೊಂಡು ಸುರೇಬಾನಕ್ಕ ಹೋಗತೇನಿ ಅಣ್ಣಾ," ಎಂದು ನಕ್ಕ. ಸುರೇಬಾನ ಅವನ ಹೆಂಡತಿಯ ತವರು. ಆ ಮಾತು ಅಡುಗೆಮನೆಗೆ ಕೇಳಿಸಿ ಒಳಗಿಂದ ಅವಳೂ ನಕ್ಕಿದ್ದಳು. ಆಮೇಲೆ ದಿನಾ ಸಂಜೆ ಅವನು ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಇಂಥ ಗಾಡಿಗಳನ್ನು ಹೊರದೇಶದವರು ಹೇಗೆ ರಿಪೇರಿ ಮಾಡುತ್ತಾರೆ ಎಂದು ನೋಡುತ್ತ, ಪಕ್ಕದಲ್ಲಿ ಬ್ಯಾಟರಿ ಹಿಡಿದು ಕೂತ ಅವಳಿಗೆ ಎಲ್ಲವನ್ನೂ ವಿವರಿಸುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಎಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿಟ್ಟ. ಕಾರಿನ ಬಾಡಿಯ ಕೆಲಸಕ್ಕೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಒಂದು ಮಧ್ಯಾಹ್ನ, "ಎದಿ ಯಾಕೋ ಹಿಡಿದಂಗ ಆಗೇತಿ ಅಣ್ಣಾ" ಎಂದು ಗ್ರೈಂಡರ್ ಪಕ್ಕ ಕೂತವನು ಮೇಲೆ ಏಳಲಿಲ್ಲ.

ನಾನು ಅಳಲಿಲ್ಲ. ಅಳಬಾರದೆಂದಲ್ಲ, ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮೈಗೆ ಹಿಡಿದಿತ್ತು. ವೆಲ್ಡಿಂಗಿನ ಕಿಡಿ ಬಿದ್ದು ತೋಳು ಸುಟ್ಟದ್ದು ಚರ್ಮದ ವಾಸನೆ ಬಂದಾಗ ತಿಳಿಯಿತು. ಸಿಟ್ಟು ಕೂಡ ಹೋಗಿಬಿಟ್ಟಿತು. ಒಬ್ಬ ಹಳೇ ಗಿರಾಕಿ ಹುಕ್ಕು ಮುರಿದ ಟ್ರೇಲರ್ ತಂದು ನಿಲ್ಲಿಸಿ ತಲೆ ತಗ್ಗಿಸಿ ಕಾದ, ಕಾದ, ಕೊನೆಗೆ ಅವನೇ, "ಒಂದೀಟ ಬೈದ ಬಿಡ್ರಿ ಮಾರಾಯ್ರ, ನೀವು ಸುಮ್ಮಕಿದ್ರ ನನಗ ಹೆದರಿಕಿ ಆಗತೈತಿ" ಎಂದ. ನಾನು ಹುಕ್ಕು ಬೆಸೆದು ಕೊಟ್ಟು ಕಳಿಸಿದೆ.

ಈಗ ನಮ್ಮ ಮನೆಯ ಒಂದು ರೀತಿ ಹೇಳಬೇಕು. ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಲ್ಲುವಂತಿಲ್ಲ, ಅವನ ಜೊತೆ ಮಾತಾಡುವಂತಿಲ್ಲ. ಭಾವ ಬಂದರೆ ತಲೆಯ ಮೇಲೆ ಸೆರಗು, ಬಾಗಿಲ ಮರೆ. ನಮ್ಮ ಓಣಿಯಲ್ಲೇ ಎಷ್ಟೋ ಮನೆಗಳಲ್ಲಿ ಇದು ಹೋಗಿಬಿಟ್ಟಿದೆ, ತಮ್ಮಂದಿರ ಹೆಂಡಿರು ಭಾವಂದಿರ ಬೈಕಿನ ಹಿಂದೆ ಕೂತು ಸಂತೆಗೆ ಹೋಗುತ್ತಾರೆ. ನಮ್ಮವ್ವ ಇರುವವರೆಗೆ ನಮ್ಮಲ್ಲಿ ನಡೆಯಿತು, ಅವ್ವ ಹೋದ ಮೇಲೆ ಬಿಡೋಣ ಅಂತ ಯಾರೂ ಅನ್ನಲಿಲ್ಲ, ಹಾಗೇ ನಡೆದುಕೊಂಡು ಬಂತು. ಇಪ್ಪತ್ತು ವರ್ಷದ ಮೇಲಾಯಿತು ಅವಳು ನಮ್ಮ ಮನೆಗೆ ಬಂದು. ನಾನು ಉಂಡದ್ದು ಅವಳು ಬಡಿದ ರೊಟ್ಟಿ. ಒಂದು ಮಾತು ಆಡಿದ್ದಿಲ್ಲ. ಏನಿದ್ದರೂ ನನ್ನ ಹೆಂಡತಿಯ ಮುಖಾಂತರ.

ತಮ್ಮನ ದಿವಸದ ಕರ್ಮ ಮುಗಿದ ಮೇಲೆ ಸುರೇಬಾನದಿಂದ ಅವಳ ಅಣ್ಣ ಬಂದ. ಒಳ್ಳೆಯ ಮನುಷ್ಯ, ಹೊಲ ಮಾಡಿಕೊಂಡಿರುವವನು. ಪಡಸಾಲೆಯಲ್ಲಿ ಕೂತು, "ವರ್ಷ ತುಂಬಿದ ಮ್ಯಾಲ ತಂಗೀನ ಕರಕೊಂಡ ಹೋಗತೇವ್ರಿ. ಮಕ್ಕಳಿಲ್ಲ ಮರಿಯಿಲ್ಲ, ಇಲ್ಲಿ ಯಾರ ಸಲುವಾಗಿ ಇರತಾಳ್ರಿ?" ಎಂದ. ನಾನು "ಹೂಂ" ಎಂದೆ. ಅವಳು ಬಾಗಿಲ ಮರೆಯಲ್ಲಿದ್ದಳು. ನನಗೆ ಅವಳು ಹೋಗುವುದು ಬೇಡವಾಗಿತ್ತು. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿ ಗಂಡನ ಮನೆಗೆ ಕಳಿಸಿದವಳು ಅವಳು. ತಮ್ಮ ಹೋಗಿ ಅವಳೂ ಹೋದರೆ ಆ ಮನೆಯಲ್ಲಿ ಏನು ಉಳಿಯಿತು? ಆದರೆ ಇರು ಎಂದು ಭಾವನಾದವನು ಹೇಗೆ ಹೇಳುವುದು? ನನ್ನ ಹೆಂಡತಿ ಹೇಳುತ್ತಾಳೆ ಬಿಡು ಅಂದುಕೊಂಡೆ.

ಸ್ವಲ್ಪ ದಿನ ಕಳೆದು ಹೆಂಡತಿ ಊಟಕ್ಕೆ ಬಡಿಸುತ್ತ ಸುದ್ದಿ ತಂದಳು. "ಆಕಿ ಹೇಳ್ಯಾಳ. ಆ ಕಾರ್ ಗುಜರಿಗೆ ಹಾಕಬ್ಯಾಡ್ರಿ ಅಂತ. ಓಡೂಹಂಗ ಮಾಡಿಕೊಟ್ರ, ಹೋಗೂ ದಿನ ಅದರಾಗ ಕುಂತ ಹೋಗತಾಳಂತ."

ಹೋಗುವ ದಿನ. ಹೋಗುವುದಂತೂ ಆಯಿತು ಅಂದುಕೊಂಡೆ. ಗಾಡಿ ತಯಾರಾದರೆ ಅವಳು ಹೊರಟಳೆಂದೇ ಅರ್ಥ. ಆದರೂ ಮರುದಿನ ಬೆಳಿಗ್ಗೆ ತಾಡಪತ್ರಿ ತೆಗೆದೆ. ಏನಾದರೂ ಒಂದು ಮಾಡಬೇಕಿತ್ತು ನನಗೂ.

ನಾನು ಹುಟ್ಟಿದಾಗಿನಿಂದ ಇಂಥ ಗಾಡಿ ಮುಟ್ಟಿದವನಲ್ಲ. ನಮ್ಮ ಪಾನಾ ಒಂದೂ ಅದರ ನಟ್ಟಿಗೆ ಕೂಡುತ್ತಿರಲಿಲ್ಲ, ಅದರದೆಲ್ಲ ಇಂಚಿನ ಲೆಕ್ಕ. ಎರಡೂ ಬಾಗಿಲ ಕೆಳಗಿನ ತಗಡಿನ ಪಟ್ಟಿ ತುಕ್ಕು ತಿಂದು ಹಪ್ಪಳವಾಗಿತ್ತು. ಟ್ರೇಲರಿನ ರೂಢಿಯಲ್ಲೇ ಮುಂದೊಂದು ಹಿಂದೊಂದು ಕಬ್ಬಿಣದ ಘೋಡಿ ಸ್ಟ್ಯಾಂಡು ಕೊಟ್ಟು ಕಾರನ್ನು ಎತ್ತಿ ನಿಲ್ಲಿಸಿ, ಪಟ್ಟಿ ಕಡಿಯಲು ಗ್ರೈಂಡರ್ ಹಚ್ಚಿದೆ. ಟ್ರೇಲರಿಗೆ ಕೆಳಗೆ ದಪ್ಪ ತೊಲೆಯ ಚಾಸಿ ಇರುತ್ತದೆ, ಮೇಲಿನ ಬಾಡಿಯನ್ನು ಎಲ್ಲಿ ಕಡಿದರೂ ಅದು ಮಿಸುಕುವುದಿಲ್ಲ. ಇದಕ್ಕೆ ಚಾಸಿಯೇ ಇಲ್ಲ. ಬಾಡಿಯೇ ಚಾಸಿ, ಆ ಪಟ್ಟಿಗಳೇ ಅದರ ಬೆನ್ನೆಲುಬು. ಅದು ನನಗೆ ಗೊತ್ತಿರಲಿಲ್ಲ.

ಅವಳಿಗೆ ಗೊತ್ತಿತ್ತು. ನಡುವೆ ಆಸರೆಗೆ ಟೇಕು ಕೊಡದೆ, ಬಾಗಿಲ ಜಾಗಕ್ಕೆ ಅಡ್ಡ ಪೈಪು ಬೆಸೆಯದೆ ಅದನ್ನು ಕಡಿಯಬಾರದು ಎಂದು ಗಂಡ ವಿಡಿಯೋ ತೋರಿಸಿ ಹೇಳಿದ್ದ. ಹಿತ್ತಲ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತವಳು ಕಿಡಿ ಹಾರುವುದನ್ನು ನೋಡಿದಳು. ಅಲ್ಲಿಂದ ನನಗೆ ಹತ್ತು ಹೆಜ್ಜೆಯೂ ಇಲ್ಲ. ಜೋಳದ ಮೊರ ಕೆಳಗೆ ಹಾಕಿ ಎದ್ದವಳು ನನ್ನ ಕಡೆ ಬರಲಿಲ್ಲ, ಒಳಗೆ ಓಡಿದಳು, ನನ್ನ ಹೆಂಡತಿಗೆ ಹೇಳಲು. ಹೆಂಡತಿ ಬಚ್ಚಲಲ್ಲಿ ತಲೆ ಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ಇವಳು ಬಾಗಿಲು ಬಡಿದು, ಅದು ಹೆಂಡತಿಗೆ ಕೇಳಿಸಿ, ಅವಳು ಸೀರೆ ಸುತ್ತಿಕೊಂಡು, ತೊಯ್ದ ಕೂದಲಲ್ಲೇ "ನಿಲ್ಲಸ್ರೀ! ಏ, ನಿಲ್ಲಸ್ರೀ!" ಎಂದು ಒದರುತ್ತ ಹೊರಗೆ ಬರುವಷ್ಟರಲ್ಲಿ ಎರಡನೇ ಪಟ್ಟಿಯೂ ಕಡಿದಾಗಿತ್ತು. ಕಾರು ಒಮ್ಮೆ ನರಳಿದ ಹಾಗೆ ಸದ್ದು ಮಾಡಿ ನಡುವಿಗೆ ಜೋತು ಬಿತ್ತು.

ನಾನು ಗ್ರೈಂಡರ್ ಕೆಳಗಿಟ್ಟೆ. ಮಡಕೆಯಿಂದ ನೀರು ಕುಡಿದೆ.

"ಬೈರಿ," ಎಂದಳು ಹೆಂಡತಿ. "ಯಾರನ್ನರ ಬೈರಿ. ನನ್ನ ಬೈರಿ ಬೇಕಾದ್ರ."

"ಆಕಿಗೆ ಗೊತ್ತಿತ್ತಲ್ಲ, ಅಲ್ಲೇ ಕುಂತಾಕಿ ಒದರಬಾರದಿತ್ತೇನು?" ಎಂದೆ. ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದೆ.

"ಏನಂತ ಒದರಬೇಕ್ರಿ ಆಕಿ? ನಿಮ್ಮನ್ನ ಏನಂತ ಕರೀಬೇಕು?"

ನನ್ನನ್ನು ಕರೆಯಲು ಅವಳ ಬಾಯಲ್ಲಿ ಒಂದು ಶಬ್ದವೇ ಇರಲಿಲ್ಲ. ಬಾಗಿಲ ಹಿಂದೆ ಅವಳು ಅಳುವುದು ಕೇಳಿಸುತ್ತಿತ್ತು.

ಮಾರನೇ ದಿನ ನಾನು ನಡುವೆ ಜಾಕ್ ಇಟ್ಟು ಎತ್ತಲು ಶುರು ಮಾಡಿದಾಗ ಅವಳು ತಾನಾಗಿ ಬಂದು ಕಾರಿನ ಆ ಬದಿಗೆ ನಿಂತಳು. ಸೆರಗು ತಲೆಯ ಮೇಲೆ, ಮುಖ ಗೋಡೆಯ ಕಡೆ. ನಾನು ಜಾಕನ್ನು ಸ್ವಲ್ಪ ಏರಿಸುತ್ತಿದ್ದೆ, ಅವಳು ಕಾರಿನ ಬಾಗಿಲು ಸರಿ ಕೂಡುತ್ತದೆಯೇ ಎಂದು ಮುಚ್ಚಿ ನೋಡುತ್ತಿದ್ದಳು. ಕೂಡದಿದ್ದರೆ ಪಾನಾದಿಂದ ತಗಡಿನ ಮೇಲೆ ಒಂದು ಏಟು, ಇನ್ನೂ ಏರಿಸು ಎಂದು. ಕೂತರೆ ಎರಡು ಏಟು, ನಿಲ್ಲಿಸು ಎಂದು. ಯಾರು ಹೇಳಿಕೊಟ್ಟದ್ದೂ ಅಲ್ಲ, ಕೆಲಸ ನಡೆಯಬೇಕಲ್ಲ, ನಡೆಯಿತು. ಕೆಲವು ಸಲ ಏಟಿನಲ್ಲಿ ತಿಳಿಯದ ಸಂಗತಿಯನ್ನು ಅವಳು ಪಕ್ಕದಲ್ಲಿದ್ದ, ಕಬ್ಬಿಣ ಇಟ್ಟು ಬಡಿಯುವ ಐರಣಕ್ಕೆ ಹೇಳುತ್ತಿದ್ದಳು. "ಬಲಗಡೀದು ಇನ್ನೂ ಕೂಡವಲ್ದು." ನಾನು ಜಾಕಿಗೆ ಹೇಳುತ್ತಿದ್ದೆ. "ಹಂಗಾರ ಈಗ ಬಲಕ್ಕ ಇಡೂಣು." ಚಹಾ ತಂದ ನನ್ನ ಹೆಂಡತಿ ಇದನ್ನು ನೋಡಿ, "ಐರಣ ಏನ ಹೇಳ್ತದ್ರಿ? ನನ್ನ ನೌಕರಿ ಹೋತಲ್ಲ!" ಎಂದು ನಕ್ಕಳು. ಸೆರಗಿನ ಒಳಗೆ ಅವಳೂ ನಕ್ಕಿರಬೇಕು. ನನಗೆ ನಗು ಬರಲಿಲ್ಲ, ಆದರೆ ಆ ಹೊತ್ತು ಮುಗಿಯಬಾರದು ಅನ್ನಿಸುತ್ತಿತ್ತು.

ಬಾಡಿ ನೇರವಾಯಿತು. ಹೊಸ ಪಟ್ಟಿ ಬೆಸೆದೆ. ಊರಲ್ಲಿ ಸಿಗದ ಬ್ರೇಕಿನ ರಬ್ಬರು, ಕ್ಲಚ್ ಪ್ಲೇಟು ಕೊರಿಯರಿನಲ್ಲಿ ಬಂದವು. ಟ್ರೇಲರಿಗೆ ಬಳಿದು ಉಳಿದ ಕೆಂಪು ಬಣ್ಣವನ್ನೇ ಹೊಡೆಯಲು ಹೊರಟಿದ್ದೆ. "ಕೆಂಪ ಬ್ಯಾಡ, ಅವರಿಗೆ ಹಸರ ಬೇಕಾಗಿತ್ತು" ಎಂದಳು ಐರಣಕ್ಕೆ. ಹಸಿರು ಹೊಡೆದೆ. ತಮ್ಮ ಕಟ್ಟಿಟ್ಟ ಎಂಜಿನ್ನಿಗೆ ಪೆಟ್ರೋಲು ಹಾಕಿ ಕೀಲಿ ತಿರುಗಿಸಿದ ದಿನ ಅದು ಕೆಮ್ಮಿ ಕೆಮ್ಮಿ ಕೊನೆಗೆ ಹಿಡಿದುಕೊಂಡಿತು. ಅವನ ಕೈಕೆಲಸ ಒಂದಿಷ್ಟೂ ಎಡವಿರಲಿಲ್ಲ. ಹೆಂಗಸರಿಬ್ಬರೂ ಕಣ್ಣೊರೆಸಿಕೊಂಡರು. ನಾನು ಆಯಿಲ್ ಸೋರುತ್ತದೆಯೇ ಎಂದು ಬಗ್ಗಿ ನೋಡಿದೆ.

ವರ್ಷ ತುಂಬಿತು. ಪೂಜೆ, ಊಟ ಆಯಿತು. ಹೊರಡುವ ದಿನ ಒಂದು ಸಂಗತಿ ಎದುರಾಯಿತು. ಸೀಟು ಎರಡೇ. ಕಾರು ನಡೆಸಲು ಬರುವವನು ಮನೆಯಲ್ಲಿ ನಾನೊಬ್ಬನೇ. ಭಾವನ ಪಕ್ಕ ಅವಳು ಹೇಗೆ ಕೂರುವುದು?

"ಕುಂದ್ರವಾ," ಎಂದಳು ನನ್ನ ಹೆಂಡತಿ, ಜೋರು ಮಾಡಿ. "ನಡುವ ನಾ ಬರಬೇಕಂದ್ರ ಬಾನೆಟ್ಟಿನ ಮ್ಯಾಲ ಕುಂದ್ರಬೇಕಾಕ್ಕೈತಿ." ಅವಳನ್ನು ತಬ್ಬಿಕೊಂಡಳು. ಟ್ರಂಕನ್ನು ಹಿಂದೆ ಇಟ್ಟೆ. ಅವಳು ಬಾಗಿಲ ಕಡೆಗೆ ಒತ್ತಿಕೊಂಡು ಕೂತಳು.

ಸವದತ್ತಿ ದಾಟುವವರೆಗೂ ಇಬ್ಬರೂ ಮುಂದೆ ನೋಡಿಕೊಂಡು ಹೋದೆವು. ಟಾಪಿಲ್ಲದ ಗಾಡಿ, ಗಾಳಿ ಬಡಿದು ಸೆರಗು ತಲೆಯ ಮೇಲೆ ನಿಲ್ಲದು. ಎಳೆದುಕೊಂಡಳು, ಹಾರಿತು. ಮತ್ತೆ ಎಳೆದುಕೊಂಡಳು, ಮತ್ತೆ ಹಾರಿತು. ಆಮೇಲೆ ಬಿಟ್ಟುಬಿಟ್ಟಳು. ಓರೆಗಣ್ಣಿನಲ್ಲಿ ನೋಡಿದೆ. ಕೂದಲು ಬೆಳ್ಳಗಾಗಿತ್ತು. ಮನೆಗೆ ಬಂದಾಗಿನ ಹುಡುಗಿಯ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ, ಈ ಮುಖವನ್ನೂ ನೋಡಿರಲಿಲ್ಲ. ರಾಮದುರ್ಗ ಬಂತು, ಹೋಯಿತು. ಕೇಳಬೇಕು, ಈಗ ಕೇಳಬೇಕು ಎಂದು ಪ್ರತಿ ಊರಿಗೂ ಅಂದುಕೊಂಡೆ. ಸುರೇಬಾನದ ಮನೆಗಳು ಕಂಡವು. ಹೊಲದ ಬದಿಗೆ ಗಾಡಿ ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಿದೆ.

"ತಂಗೀ," ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು. "ನಮ್ಮನಿ ಬಿಟ್ಟ ಹೋಗಬ್ಯಾಡವಾ. ನೀ ಇರಬೇಕು. ಗಾಡಿ ಹೊಳ್ಳಸಲೇನು?"

ಅವಳು ನನ್ನ ಕಡೆ ತಿರುಗಿ, ಮುಖ ನೋಡಿ ಹೇಳಿದಳು.

"ಈ ಮಾತು ಹ್ವಾದ ವಾರ ಕೇಳಿದ್ರೂ ಇರತಿದ್ನಿರಿ ಭಾವಾರ. ವರ್ಷ ಪೂರ್ತಿ ದಾರಿ ನೋಡಿದ್ನಿ, ಯಾರರ ಇರು ಅಂತಾರ ಅಂತ. ಯಾರೂ ಅನ್ನಲಿಲ್ಲ. ನಾ ಭಾರ ಆಗೇನಿ ಅಂತ ತಿಳಕೊಂಡ್ನಿ. ಈಗ ಅಣ್ಣಗ ಮಾತ ಕೊಟ್ಟೇನ್ರಿ. ನನಗ ಒಂದ ಖೋಲಿನೂ ಕಟ್ಟಿಸ್ಯಾನ."

ಇಳಿದು, ಸೆರಗು ಹೊದ್ದುಕೊಂಡು, ಊರೊಳಗೆ ನಡೆದೇ ಹೋದಳು. ನಾನು ಟ್ರಂಕು ಮುಟ್ಟಿಸಿ, ಅವಳ ಅಣ್ಣ ಕೊಟ್ಟ ಚಹಾ ಕುಡಿದು, ಹೊರಟೆ.

ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಹೆಂಡತಿ ಕಾಯುತ್ತ ಕೂತಿದ್ದಳು. ಖಾಲಿ ಸೀಟು ನೋಡಿದಳು. ತಮ್ಮನ ಹೆಂಡತಿ ಅಂದದ್ದನ್ನು ಅಂದ ಹಾಗೇ ಹೇಳಿದೆ. ಹೇಳುತ್ತಿದ್ದಂತೆ ಸಿಟ್ಟು ಏರಿತು, ವರ್ಷದ ಸಿಟ್ಟು, ಓಣಿಗೆಲ್ಲ ಕೇಳುವಂತೆ ಒದರಿದೆ. "ಒಲಿ ಮುಂದ ದಿನಾ ಇಬ್ಬರೂ ಕೂಡೇ ಕುಂದ್ರತಿದ್ದಿರಿ! ಇರವಾ ಅಂತ ಒಂದ ಮಾತ ಅನ್ನಾಕ ನಿನಗೇನಾಗಿತ್ತು?"

"ಮನಿ ಹಿರ್ಯಾರು ನೀವು," ಎಂದಳು. "ನೀವ ಅನ್ನಲಿ ಅಂತ ಸುಮ್ಮಕಿದ್ನಿ."

ನಾನು ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ತಮ್ಮ ಸತ್ತ ದಿನ ಬಾರದ ಅಳು ಆಗ ಬಂತು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದು ಅತ್ತೆ.