ಹಸಿರು ಸೆಟ್ಟಿನ ಬ್ಲಾಟರ್

ನಿವೃತ್ತ ಅಂಚೆ ಗುಮಾಸ್ತರಿಗೆ ಹಳೆಯ ಇಂಕ್ ಪೆನ್ನಿನ ಸೆಟ್ಟುಗಳನ್ನು ಕೂಡಿಡುವ ಹುಚ್ಚು. ಹಸಿರು ಸೆಟ್ಟಿನಲ್ಲಿ ಪೆನ್ನು, ಮಸಿಕುಡಿಕೆ, ಸ್ಟ್ಯಾಂಡು ಎಲ್ಲ ಇದ್ದವು. ಶಾಯಿ ಹೀರುವ ಬ್ಲಾಟರ್ ಮಾತ್ರ ಇರಲಿಲ್ಲ. ಕೊನೆಗೂ ಅದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅದರ ಕಾಗದದ ಮೇಲೆ ಯಾರದೋ ಅಕ್ಷರಗಳು ತಿರುಗುಮುರುಗಾಗಿ ಅಂಟಿದ್ದವು. ಕುತೂಹಲ ತಡೆಯದೆ ಕನ್ನಡಿಗೆ ಹಿಡಿದರು.

‘ತಮ್ಮಾ, ಯಾಕೋ ಕಾಗದಾನೇ ಬರೆಯಲ್ಲ?’

“ಇದು ನಿಮ್ಮಕ್ಕನ ಕೈಬರಹ ಅಲ್ವೇನ್ರೀ?” ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಅಕ್ಕ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಅವಳ ಕೊನೆಯ ಕಾಗದಕ್ಕೆ ಇವರು ಉತ್ತರವನ್ನೇ ಬರೆದಿರಲಿಲ್ಲ.

ಪೆನ್ನಿಗೆ ಶಾಯಿ ತುಂಬಿ, ‘ಅಕ್ಕಾ, ತಪ್ಪಾಯ್ತು’ ಎಂದು ಬರೆದು ಬ್ಲಾಟರ್ ಒತ್ತಿದರು. ಎತ್ತಿದರೆ ಹಾಳೆಯ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಬ್ಲಾಟರ್ ಕೂಡ ಬೆಳ್ಳಗಿತ್ತು.

“ಮುಟ್ಟಿತು ಅನ್ಸುತ್ತೆ ಕಣ್ರೀ,” ಎಂದು ಹೆಂಡತಿ ಪಿಸುಗುಟ್ಟಿದಳು.