ತೋಕಾಯಕ್ಕನ ಕೆಸುವಿನ ಗುಂಡಿ

ತೋಕಾಯಕ್ಕನ ಬಗ್ಗೆ ಬರೆಯಲು ಕೂತರೆ ಇವತ್ತಿಗೂ ಮೊದಲು ಮೂಗಿಗೆ ಬಡಿಯುವುದು ಪೆಟ್ರೋಲಿನ ನಾತ. ಆ ಹೆಂಗಸಿನ ಬದುಕಿಗೆ ಆ ನಾತ ಅಂಟಿಸಿದವರ ಮೇಲೆ ನನಗಿರುವ ಹೇಸಿಗೆ ಈ ಜನ್ಮಕ್ಕೆ ಹೋಗುವಂಥದ್ದಲ್ಲ.

ನಮ್ಮ ದ್ವೀಪ ಹೊರಗಡಲಿಗೂ ಒಳಗಡಲಿಗೂ ನಡುವೆ ಬಿದ್ದ ಮರಳಿನ ಪಟ್ಟಿ. ಆಳುದ್ದ ಅಗೆದರೆ ಸಿಹಿನೀರು. ಆ ನೀರು ಮುಟ್ಟುವ ತನಕ ಗುಂಡಿ ತೋಡಿ, ತಳದ ಕೆಸರಿನಲ್ಲಿ ಬಬಾಯ್ ಬೆಳೆಯುತ್ತೇವೆ. ಆಳೆತ್ತರದ ಎಲೆಯ ಕೆಸು ಅದು. ಗೆಡ್ಡೆ ದಪ್ಪವಾಗಲು ವರ್ಷಗಟ್ಟಲೆ ಸಾಕಬೇಕು. ಯಾವ ಎಲೆಯ ಗೊಬ್ಬರ, ಎಂದು ಹಾಕಬೇಕು ಎಂಬುದು ಒಂದೊಂದು ಮನೆಯ ಗುಟ್ಟು. ಇನ್ನೊಬ್ಬರ ಗುಂಡಿಗೆ ಇಣುಕುವುದೂ ಬಚ್ಚಲಿಗೆ ಇಣುಕುವುದೂ ನಮ್ಮಲ್ಲಿ ಒಂದೇ.

ತೋಕಾಯಕ್ಕನದು ಅಗಲ ಹೆಗಲು, ದೊಡ್ಡ ಬಾಯಿ. ಗಂಡ ಸತ್ತ ಮೇಲೆ ಅವಳು ಮನೆಯಲ್ಲಿದ್ದದ್ದಕ್ಕಿಂತ ಗುಂಡಿಯಲ್ಲಿದ್ದದ್ದೇ ಹೆಚ್ಚು. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಗಂಡ ನೆಟ್ಟು ಹೋಗಿದ್ದ ಒಂದು ಗೆಡ್ಡೆಗೆ ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಕಟ್ಟುತ್ತಿದ್ದ ಹೊಸ ಸಭಾಮನೆಯ ಮೊದಲ ಊಟಕ್ಕೆ ಆ ಗೆಡ್ಡೆಯೇ ನಡುಚಾಪೆಯ ಮೇಲೆ ಕೂರಬೇಕು. ಅದೊಂದೇ ಅವಳ ಹಟ.

ಹೀಗಿರುವಾಗ ಗುಂಡಿಯ ನೀರಿನ ಮೇಲೆ ಬಣ್ಣಬಣ್ಣದ ಪದರ ಕಟ್ಟಿತು. ಎಲೆಗಳ ಅಂಚು ಸುಟ್ಟಂತೆ ಕಪ್ಪಾಯಿತು. ಯಾರನ್ನೂ ಗುಂಡಿಯ ಹತ್ತಿರ ಬಿಡದ ಅವಳು ತಾನೇ ಒಂದು ತೀರ್ಮಾನಕ್ಕೆ ಬಂದಳು: ಇದು ಮೈದುನ ಬ್ವೆರೆಯ ಕೆಲಸ. ಅವನ ಗೆಡ್ಡೆ ಯಾವತ್ತೂ ಅವಳದ್ದಕ್ಕಿಂತ ಒಂದು ಗೇಣು ಸಣ್ಣದು. ಜನರೆದುರೇ ಅವನನ್ನು ಹಿಡಿದುಕೊಂಡಳು.

"ಏನೋ ಬ್ವೆರೆ, ನಿಮ್ಮಣ್ಣ ನೆಟ್ಟಿದ್ದಕ್ಕೇ ಎಣ್ಣೆ ಹುಯ್ದು ಕೊಲ್ತೀಯಾ? ನಿನ್ನ ಹೊಟ್ಟೆಕಿಚ್ಚು ಅಷ್ಟು ಉರೀತಾ?"

"ನಿನ್ನ ಗುಂಡಿಗೆ ಉಚ್ಚೆ ಹುಯ್ಯೋಕೂ ನಾನು ಬರಲ್ಲ ಅತ್ತಿಗೆ. ಎಣ್ಣೆ ಯಾರು ದಂಡ ಮಾಡ್ತಾರೆ!"

ಜನ ನಕ್ಕರು. ಅವಳು ನಗಲಿಲ್ಲ. ಆಮೇಲೆ ದಾರಿಯಲ್ಲಿ ಅವನು ಎದುರಾದರೆ ಕಡಲಿನ ಕಡೆ ಮುಖ ತಿರುಗಿಸಿ ಉಗಿಯುತ್ತಿದ್ದಳು.

ಗುಂಡಿಯಿಂದ ಕೂಗಳತೆಯಲ್ಲಿ ಎಣ್ಣೆ ಕಂಪನಿಯ ಡಿಪೋ. ನಮ್ಮಪ್ಪಂದಿರು ಚಡ್ಡಿ ಹಾಕುವ ಕಾಲದಲ್ಲಿ ಹೂತಿದ್ದ ಕಬ್ಬಿಣದ ಟ್ಯಾಂಕು, ಸುತ್ತ ಉಪ್ಪು ಗಾಳಿ, ಉಪ್ಪು ಮರಳು. ಅದರ ಮ್ಯಾನೇಜರ್ ಕೈಯುಯಾ ಎಂಬ ಹೊಟ್ಟೆಬಾಕ. ಸೋರುತ್ತಿದೆಯೇ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಪರೀಕ್ಷೆ ಪಾಸಾಗಿದೆ."

ಪರೀಕ್ಷೆ ನಡೆಯುತ್ತಿತ್ತು, ಸುಳ್ಳಲ್ಲ. ನೀರು ಪರೀಕ್ಷಿಸುವ ಇಯೋತೆಬಾ ಎಂಬವನು ಆಗಾಗ ವಿಮಾನದಲ್ಲಿ ಬರುತ್ತಿದ್ದ. ನನ್ನ ಲಾರಿಯಲ್ಲೇ ಕರೆತರುತ್ತಿದ್ದೆ. ಟ್ಯಾಂಕಿನ ಸುತ್ತ ನೆಲಕ್ಕಿಳಿಸಿದ ಕೊಳವೆಗಳಿಂದ ನೀರೆತ್ತಿ, ಒಂದು ಗುಳ್ಳೆಯೂ ಉಳಿಯದಂತೆ ಕಂದು ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಿದ್ದ. ಆದರೆ ಕೊಳವೆಗಳೆಲ್ಲ ಇದ್ದದ್ದು ಹೊರಗಡಲಿನ ಕಡೆಗೆ. ಗುಂಡಿಗಳ ಕಡೆ ಒಂದೂ ಇಲ್ಲ. ಅಲ್ಲಿ ಇಳಿಸಲು ಬಂದವರನ್ನು ಹಿಂದೆ ನಮ್ಮ ಹಿರಿಯರೇ ಓಡಿಸಿದ್ದರು. ಪರವೂರಿನವರು ನಮ್ಮ ಗೆಡ್ಡೆ ನೋಡುವುದೇ? ಕಂಪನಿಗೂ ಅದೇ ಬೇಕಿತ್ತು. ನಮ್ಮ ಮಡಿಯ ಹಿಂದೆ ತನ್ನ ಹೊಲಸು ಮುಚ್ಚಿಟ್ಟುಕೊಂಡಿತು. ಥೂ!

ಲಾರಿಯಲ್ಲಿ ಇಯೋತೆಬಾನಿಗೆ ಎಲ್ಲ ಹೇಳಿದೆ. "ಗುಂಡಿಗೆ ಇಳಿದು ನೋಡಿದ್ರೆ ಗೊತ್ತಾಗುತ್ತೆ ಅಣ್ಣ. ಆಯಮ್ಮ ಬಿಡ್ತಾಳಾ?" ಎಂದ.

ಬಿಡುವುದೇ? ಕೇಳಿದ್ದೇ ತಡ, ತೋಕಾಯಕ್ಕ ನನ್ನ ಮೇಲೇ ಹರಿಹಾಯ್ದಳು: "ನಿನ್ನ ಲಾರಿಗೆ ಬೆಂಕಿ ಹಾಕ! ಅವನು ನನ್ನ ಗುಂಡಿಗೆ ಇಳೀಬೇಕಾ?"

ನನಗೂ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಗುಟ್ಟು ಕಟ್ಕೊಂಡು ಕೊಳೆತ ಗೆಡ್ಡೆ ತಿನ್ನು! ಸಾಯೋತನಕ ಬ್ವೆರೆನ ಬೈತಾ ಕೂತಿರು!"

ಅವಳು ಕೆಸರುಗೈ ಒರೆಸಿಕೊಂಡಳು. "ಸರಿ, ಇಳೀಲಿ. ಬ್ವೆರೆನೂ ಬರಲಿ. ಅವನೇ ಮಾಡಿದ್ರೆ ಆಗ ಅವನ ಮುಖ ನೋಡ್ಬೇಕು ನಾನು."

ಬ್ವೆರೆ ಬಂದ. ಬಂದವನು ಗುಂಡಿಗೆ ಬೆನ್ನು ಹಾಕಿ ನಿಂತ.

"ತಿರುಗೋ ಈ ಕಡೆ!"

"ಬೇಡ ಅತ್ತಿಗೆ. ನೋಡಬಾರದ್ದು."

ಇಯೋತೆಬಾ ಗುಂಡಿಗಿಳಿದು ಬಾಟಲಿ ತುಂಬಿಕೊಂಡ. ಆಮೇಲೆ ನೀರಿನ ಮೇಲಿನ ಪದರವನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿ, "ಈಗ ಉಬ್ಬರ ಬರಲಿ" ಎಂದ. ಕಡಲು ಏರಿದರೆ ನಮ್ಮ ನೆಲದಡಿಯ ನೀರೂ ಏರುತ್ತದೆ. ಕಾದೆವು. ಗುಂಡಿಯ ನೀರು ಮೆಲ್ಲಗೆ ಏರಿತು. ಡಿಪೋ ಕಡೆಯ ಗೋಡೆಯ ಮಣ್ಣಿನಿಂದ, ಕೀವು ಜಿನುಗಿದಂತೆ, ಬಣ್ಣದ ಎಣ್ಣೆ ಜಿನುಗಿ ನೀರಿನ ಮೇಲೆ ಹರಡಿತು. ಅದೇ ನಾತ.

"ತಿರುಗೋ ಬ್ವೆರೆ" ಎಂದಳು. ಈ ಸಲ ದನಿ ಇಳಿದಿತ್ತು.

ಬ್ವೆರೆ ತಿರುಗಿ ನೋಡಿದ. "ಆ ಮಣ್ಣೊಳಗೆ ನಾನು ಕೂತಿದ್ದೀನಾ ಅತ್ತಿಗೆ?"

ಅವಳು ಗೆಡ್ಡೆಯ ಬುಡದಿಂದ ಒಂದು ಹಿಡಿ ಗೊಬ್ಬರ ತೆಗೆದು ಅವನ ಅಂಗೈಗೆ ಹಾಕಿದಳು. "ಊರಿ ಮರದ ಎಲೆ, ಒಣಗಿಸಿದ್ದು. ಕಪ್ಪು ಮಣ್ಣು. ನಿಮ್ಮಣ್ಣ ಹೇಳಿಕೊಟ್ಟಿದ್ದು." ನಮ್ಮಲ್ಲಿ ಇದಕ್ಕಿಂತ ದೊಡ್ಡ ಕ್ಷಮಾಪಣೆ ಇಲ್ಲ.

ಬಾಟಲಿಯ ಫಲಿತಾಂಶ ಬಂತು: ಪೆಟ್ರೋಲು. ಕೈಯುಯಾ ಹಲ್ಲು ಕೆದಕುತ್ತ ಹೇಳಿದ, "ಕೊಳವೆ ಬೇಡ ಅಂದೋರು ನೀವೇ. ಗುಂಡಿ ನಮ್ಮ ಪರೀಕ್ಷೆಗೆ ಸೇರಲ್ಲ." ಅವನ ಮುಖಕ್ಕೆ ಗುದ್ದಲು ಹೋದ ನನ್ನ ಕೈಯನ್ನು ತೋಕಾಯಕ್ಕನೇ ಹಿಡಿದಳು. "ಬಿಡೋ. ಊಟಕ್ಕೆ ಬರ್ತಾನಲ್ಲ."

ಸಭಾಮನೆಯ ಊಟದ ದಿನ ಅವನು ಅತಿಥಿಗಳ ಚಾಪೆಯ ಮೇಲೆ ಕೊಬ್ಬರಿಯ ಮೂಟೆಯಂತೆ ಕೂತಿದ್ದ. ಅತ್ತಿಗೆ ಮೈದುನ ಸೇರಿ, ಬೇಯಿಸಿದ ಗೆಡ್ಡೆಯನ್ನು ಕೋಲಿಗೆ ಕಟ್ಟಿ ಹೊತ್ತು ತಂದರು. ಊರಿನಲ್ಲಿ ಅಷ್ಟು ದೊಡ್ಡದನ್ನು ಯಾರೂ ಕಂಡಿರಲಿಲ್ಲ. ಅಷ್ಟು ನಾರುವುದನ್ನೂ ಕಂಡಿರಲಿಲ್ಲ. ನಡುಚಾಪೆ ದಾಟಿ ಹೋಗಿ ಕೈಯುಯಾನ ಮುಂದೆಯೇ ಇಳಿಸಿದರು. ಅತಿಥಿಯಾದವನು ಮುಂದಿಟ್ಟಿದ್ದನ್ನು ಒಂದು ತುತ್ತಾದರೂ ತಿನ್ನಲೇಬೇಕು.

"ತಗೊಳ್ಳಿ ಸ್ವಾಮಿ. ಪರೀಕ್ಷೆ ಪಾಸಾದ ನೀರಲ್ಲಿ ಬೆಳೆದಿದ್ದು" ಎಂದಳು ತೋಕಾಯಕ್ಕ.

ಅವನು ಮೂಗು ಮುಚ್ಚಿಕೊಂಡ. "ನನಗೆ ಹೊಟ್ಟೆ ಸರಿ ಇಲ್ಲ."

"ನಮಗೂ ಸರಿ ಇಲ್ಲ" ಎಂದ ಬ್ವೆರೆ.

ಊರ ಹಿರಿಯ ಎದ್ದು ನಿಂತ. "ನಮ್ಮ ಗೆಡ್ಡೆ ಮುಟ್ಟದವನಿಗೆ ಈ ಮಾಡಿನ ಕೆಳಗೆ ಜಾಗ ಇಲ್ಲ. ಕೊಳವೆ ಹಾಕೋರು ಬರಲಿ. ಯಾರ ಗುಂಡಿಗಾದ್ರೂ ಇಳೀಲಿ." ಕೈಯುಯಾ ಚಪ್ಪಲಿ ಹುಡುಕುತ್ತ ಹೊರಗೆ ಹೋದ.

ಗುಂಡಿಗಳ ಕಡೆಯೂ ಕೊಳವೆ ಇಳಿದವು, ಸೋರಿಕೆ ಸಾಬೀತಾಗಿ ಟ್ಯಾಂಕು ಖಾಲಿ ಮಾಡಿಸಿದರು. ಗುಂಡಿ ಮಾತ್ರ ಸತ್ತುಹೋಯಿತು. ತೋಕಾಯಕ್ಕ ಈಗ ಬ್ವೆರೆಯ ಗುಂಡಿಯಲ್ಲಿ ನಿಂತು ಅವನ ಗೆಡ್ಡೆಗೆ ಸುದ್ದಿ ಹೇಳುತ್ತಾಳೆ. ಗಂಡನ ಗೆಡ್ಡೆ ಇದ್ದ ಜಾಗದಲ್ಲಿ ಈಗ ಒಂದು ಕೊಳವೆ ನಿಂತಿದೆ. ಆ ದಾರಿಯಲ್ಲಿ ಹೋಗುವಾಗೆಲ್ಲ ಅವಳು ಅದರ ಮುಚ್ಚಳ ತೆಗೆದು ಮೂಸುತ್ತಾಳೆ, ಡಿಪೋ ಕಡೆ ಉಗಿಯುತ್ತಾಳೆ, ಮುಚ್ಚಳ ಹಾಕುತ್ತಾಳೆ. ವಾಸನೆ ಇನ್ನೂ ಹೋಗಿಲ್ಲ.